ಉಣುಗು ಕಚ್ಚುವುದು ಯಾರನ್ನು?

ಮಲೆನಾಡಿನವರು ಮಂಗನ ಕಾಯಿಲೆ ಎನ್ನುವ ಕ್ಯಾಸನೂರು ಅರಣ್ಯ ರೋಗ, ಅಂದರೆ ಕೆಎಫ್‌ಡಿ, ಉಣುಗಿನ ಕಡಿತದಿಂದ ಬರುವ ವೈರಸ್ ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳ ಜನ ಜ್ವರ ಬಂದು ಹಾಸಿಗೆ ಹಿಡಿದರು. ಕಾಡಿನಲ್ಲಿ ಮಂಗ ಸತ್ತು ಊರಿನಲ್ಲಿ ಜ್ವರ ಬಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರ ನೆನಪಾಗುವುದು ಸಹಜ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಅದೇ ಅನುಮಾನದಿಂದ ಕಾಡಿಗೆ ಬಂತು. ಸಿಕ್ಕಿದ್ದು ಬೇರೆಯೇ: ರಷ್ಯಾದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ, ಉಣುಗಿನಿಂದಲೇ ಹರಡುವ ವೈರಸ್ಸಿನ ಬಳಗಕ್ಕೆ ಸೇರಿದ ಒಂದು ಹೊಸ ವೈರಸ್. 1957ರಲ್ಲಿ 466 ಮಂದಿಗೂ ಮರುವರ್ಷ 181 ಮಂದಿಗೂ ಅದು ತಗುಲಿತೆಂದು ದಾಖಲೆಗಳಲ್ಲಿದೆ.

ರೋಗದ ಓಟ ಹೀಗಿದೆ. ಹಠಾತ್ತನೆ ಏರುವ ಜ್ವರ, ತಲೆ ಸಿಡಿಯುವಂಥ ನೋವು, ಮೈಕೈ ಸೆಳೆತ, ಏಳಲಾಗದ ನಿತ್ರಾಣ. ಕೆಲವರಿಗೆ ಮೂಗು, ವಸಡು, ಕರುಳಿನಲ್ಲಿ ರಕ್ತಸ್ರಾವ. ಇನ್ನು ಕೆಲವರಿಗೆ ಜ್ವರ ಬಿಟ್ಟಂತೆ ಬಿಟ್ಟು ಮತ್ತೆ ಮರುಕಳಿಸಿ, ಆಗ ನರಮಂಡಲದ ಮೇಲೆ ಎರಗುತ್ತದೆ. ರೋಗ ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಬದುಕಿ ಉಳಿದವರಿಗೂ ಸುಸ್ತು ವಾರಗಟ್ಟಲೆ ಬಿಡುವುದಿಲ್ಲ. ಈ ವೈರಸ್ಸಿಗೇ ಎಂದು ಔಷಧವಿಲ್ಲ. ದೇಹದ ನೀರು, ರಕ್ತ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ನೋಡಿಕೊಂಡು ರೋಗಿಯನ್ನು ದಾಟಿಸಬೇಕು. ಸಮಾಧಾನದ ಮಾತೆಂದರೆ ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಹಾಗಾಗಿ ಯಾರಿಗೆ ರೋಗ ಬರುತ್ತದೆ ಎಂಬುದು ಬಹುಮಟ್ಟಿಗೆ ಯಾರ ಮೈಮೇಲೆ ಉಣುಗು ಹತ್ತುತ್ತದೆ ಎಂಬ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಸಾಂಕ್ರಾಮಿಕ ರೋಗಗಳಲ್ಲಿ ಸಾಮಾಜಿಕ ಅಸಮಾನತೆಯ ಪಾತ್ರವೆಷ್ಟು ಎಂದು ಹುಡುಕುವವರಿಗೆ ಈ ರೋಗ ಇಷ್ಟು ಸ್ಪಷ್ಟ ಉದಾಹರಣೆಯಾಗುವುದು ಅದಕ್ಕೇ.

ಅಂಥ ಹುಡುಕಾಟ ಹೊಸದಲ್ಲ. 1848ರಲ್ಲಿ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ ಅಪ್ಪರ್ ಸೈಲೀಷಿಯಾ ಪ್ರಾಂತ್ಯದ ಟೈಫಸ್ ಜ್ವರವನ್ನು ಪರಿಶೀಲಿಸಲು ಹೋಗಿ, ಬಡತನ, ಅನಕ್ಷರತೆ, ಕೆಟ್ಟ ಆಡಳಿತಗಳನ್ನೇ ರೋಗದ ಕಾರಣಗಳ ಪಟ್ಟಿಗೆ ಸೇರಿಸಿ ವರದಿ ಬರೆದ. ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳನ್ನು ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸಿ ಹೆಸರಿಟ್ಟವನೂ, ಪಶುವೈದ್ಯಕ್ಕೂ ಮಾನವವೈದ್ಯಕ್ಕೂ ನಡುವೆ ಗೆರೆ ಎಳೆಯಲಾಗದು ಎಂದು ವಾದಿಸಿದವನೂ ಅವನೇ. ಒಬ್ಬನೇ ಮನುಷ್ಯನ ತಲೆಯಲ್ಲಿದ್ದ ಈ ಎರಡು ವಿಚಾರಗಳು ಮುಂದೆ ಬೇರೆಬೇರೆ ದಾರಿ ಹಿಡಿದವು. ಬಡತನ ಸಮಾಜಶಾಸ್ತ್ರಜ್ಞರ ಪಾಲಾಯಿತು, ಉಣುಗು ಕೀಟಶಾಸ್ತ್ರಜ್ಞರ ಪಾಲಾಯಿತು. ಮನುಷ್ಯ, ಪ್ರಾಣಿ, ಪರಿಸರಗಳ ಆರೋಗ್ಯವನ್ನು ಒಟ್ಟಾಗಿ ನೋಡಬೇಕೆನ್ನುವ ಇಂದಿನ ‘ಒನ್ ಹೆಲ್ತ್’ ಚಿಂತನೆ ಪಶುವೈದ್ಯರನ್ನೂ ವೈದ್ಯರನ್ನೂ ಒಂದೇ ಮೇಜಿಗೆ ಕರೆತಂದಿದೆ; ಕೂಲಿ, ಜಮೀನು, ಜಾತಿಗಳ ಲೆಕ್ಕ ಮಾತ್ರ ಆ ಮೇಜಿಗೆ ತಡವಾಗಿ ಬಂತು.

ಕ್ಯಾಸನೂರಿನ ವೈರಸ್ ಕಾಡಿನಲ್ಲಿ ತನ್ನ ಪಾಡಿಗೆ ಇರುವಂಥದ್ದು. ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಅದು ಸುತ್ತುತ್ತಿರುತ್ತದೆ. ಮುಖ್ಯ ವಾಹಕ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು. ಮುಸಿಯ ಮತ್ತು ಕೆಂಪು ಮೂತಿಯ ಮಂಗಗಳಿಗೆ ಸೋಂಕು ತಗುಲಿದಾಗ ಅವುಗಳ ರಕ್ತದಲ್ಲಿ ವೈರಸ್ ವಿಪರೀತ ಏರುತ್ತದೆ. ಮಂಗ ಸತ್ತಾಗ ಮೈಮೇಲಿನ ಉಣುಗುಗಳು ತಣ್ಣಗಾದ ದೇಹ ಬಿಟ್ಟು ನೆಲಕ್ಕಿಳಿಯುತ್ತವೆ. ಆ ಜಾಗ ವಾರಗಟ್ಟಲೆ ಅಪಾಯದ ತಾಣವಾಗುತ್ತದೆ. ಮಳೆ ನಿಂತ ಮೇಲೆ ಎಳೆಮರಿಗಳು ಹೊರಡುತ್ತವೆ. ಅವು ಬೆಳೆದು ಮುಂದಿನ ಹಂತ ಮುಟ್ಟುವುದು ಚಳಿಗಾಲ, ಬೇಸಿಗೆಗಳಲ್ಲಿ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಸಾಸಿವೆ ಕಾಳಿನಷ್ಟೂ ಇರದ ಈ ಹಂತದ ಮರಿಗಳೇ. ಆದ್ದರಿಂದಲೇ ಡಿಸೆಂಬರಿನಿಂದ ಮೇ ವರೆಗೆ ಕಾಯಿಲೆಯ ಕಾಲ. ಬಲಿತ ಉಣುಗುಗಳಿಗೆ ಬೇಕಾದುದು ದೊಡ್ಡ ಪ್ರಾಣಿಯ ರಕ್ತ, ಮುಖ್ಯವಾಗಿ ದನದ್ದು. ದನ ಈ ವೈರಸ್ಸನ್ನು ಬೆಳೆಸುವುದಿಲ್ಲ, ದನಕ್ಕೆ ಇದರಿಂದ ಕಾಯಿಲೆಯೂ ಇಲ್ಲ. ಉಣುಗಿನ ಸಂತತಿಗೆ ಮಾತ್ರ ಅದು ಅನ್ನದಾತ.

ದನದ ಈ ಪಾತ್ರವನ್ನು ಹಿಡಿದು ಮೊದಲು ದೊಡ್ಡ ಪ್ರಶ್ನೆ ಕೇಳಿದವರು ವಿಜ್ಞಾನಿ ಹೋರ್ಹೆ ಬೋಶೆಲ್. 1969ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಇಷ್ಟು: ವೈರಸ್ ಹಳೆಯದೇ ಇರಬಹುದು, ಅದು ಹೊರಬಿದ್ದ ಪರಿಸ್ಥಿತಿ ಹೊಸದು. ಜನಸಂಖ್ಯೆ ಬೆಳೆದು, ಕಾಡು ಕಡಿದು, ಗದ್ದೆ ತೋಟಗಳ ನಡುವೆ ಕಾಡಿನ ತುಂಡುಗಳು ಉಳಿದು, ಅವುಗಳೊಳಗೆ ದನಗಳು ಮೇಯತೊಡಗಿದಾಗ ಉಣುಗು ಹೆಚ್ಚಿತು. ಉಣುಗಿಗೂ ಮನುಷ್ಯನಿಗೂ ಭೇಟಿ ಹೆಚ್ಚಿತು. ಪರಿಸರ ಬದಲಾವಣೆಯನ್ನು ರೋಗದ ಕತೆಯೊಳಕ್ಕೆ ತಂದ ಮೊದಲ ಬರಹಗಳಲ್ಲಿ ಇದೊಂದು. ಆದರೆ ಅದರಲ್ಲಿ ‘ಮನುಷ್ಯ’ ಎಂಬುದು ಇನ್ನೂ ಒಂದೇ ಮುದ್ದೆ. ಕಾಡು ಕಡಿಸಿದವರೂ ಕಡಿದವರೂ ಕಡಿದ ಜಾಗದಲ್ಲಿ ಕೂಲಿ ಮಾಡಿದವರೂ ಅಲ್ಲಿ ಬೇರೆಬೇರೆಯಾಗಿ ಕಾಣುವುದಿಲ್ಲ.

ಆ ವ್ಯತ್ಯಾಸ ಎದ್ದು ಕಂಡದ್ದು ದಕ್ಷಿಣ ಕನ್ನಡದಲ್ಲಿ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ದಟ್ಟ ಕಾಡನ್ನು ಸವರಲಾಯಿತು. ಅದರ ಬೆನ್ನಿಗೇ ಕಾಣಿಸಿಕೊಂಡ ಮಂಗನ ಕಾಯಿಲೆ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿಗೆ ತಗುಲಿ ಸುಮಾರು 150 ಜನರನ್ನು ಬಲಿ ತೆಗೆದುಕೊಂಡಿತು. ಈ ರೋಗದ ಇತಿಹಾಸದಲ್ಲೇ ಅತಿ ದೊಡ್ಡ ಹಾವಳಿಗಳಲ್ಲಿ ಅದೂ ಒಂದು. ಆ ಸೀಮೆಯಲ್ಲಿ ಮೊದಲೇ ಕೆಲಸ ಮಾಡುತ್ತಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್, 1987ರಲ್ಲಿ ಈ ಹಾವಳಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ಅವರು ವೈರಸ್ಸನ್ನು ಅಳೆಯಲಿಲ್ಲ. ಕಾಡು ನಾಶದ ಹಿಂದಿನ ಹಣಕಾಸು ಮತ್ತು ರಾಜಕಾರಣವನ್ನೂ, ಕಾಯಿಲೆ ಯಾಕೆ ಬಂತೆಂದು ಜನ ತಮ್ಮತಮ್ಮಲ್ಲೇ ಕಟ್ಟಿಕೊಂಡ ವಿವರಣೆಗಳನ್ನೂ, ಪ್ರಾಥಮಿಕ ಆರೋಗ್ಯ ವ್ಯವಸ್ಥೆ ಈ ಹೊರೆಯ ಕೆಳಗೆ ತಿಣುಕಿದ ಬಗೆಯನ್ನೂ ಒಂದೇ ಕಡೆ ಇಟ್ಟು ನೋಡಿದರು. ವೈದ್ಯಕೀಯ ಪತ್ರಿಕೆಗಳು ಕೊಡುತ್ತಿದ್ದ ಸಂಖ್ಯೆಗಳಿಗೆ ಮುಖ ಬಂದದ್ದು ಇಂಥ ಬರಹಗಳಿಂದ.

ಇಂದು ಮಂಗನ ಕಾಯಿಲೆ ಸೊರಬ, ಸಾಗರ, ತೀರ್ಥಹಳ್ಳಿಗಳಿಗೆ ಸೀಮಿತವಾಗಿಲ್ಲ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು. ಸೋಂಕು ತಗುಲಿದ್ದು ಆ ಕಳೇಬರಗಳನ್ನು ಮುಟ್ಟಿ ವಿಲೇವಾರಿ ಮಾಡಿದವರಿಗೆ. ನಂತರದ ವರ್ಷಗಳಲ್ಲಿ ನೀಲಗಿರಿ, ಕೇರಳದ ವಯನಾಡು ಮತ್ತು ಮಲಪ್ಪುರಂ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ರೋಗ ಪತ್ತೆಯಾಯಿತು. 2015ರಲ್ಲಿ ವಯನಾಡಿನಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಬಂದಾಗ ಕಾಡಿನ ಉತ್ಪನ್ನವನ್ನೇ ನೆಚ್ಚಿದ ಕಾಟುನಾಯಕರಂಥ ಆದಿವಾಸಿಗಳು ಅದರ ಏಟು ತಿಂದರು. ಬೆಳಗಾವಿ ಜಿಲ್ಲೆಯ ಪ್ರಕರಣಗಳು ಇನ್ನೂ ವಿಚಾರ ಮಾಡುವಂಥವು: ಗೋವಾದ ಗೇರು ತೋಟಗಳಿಗೆ ಸುಗ್ಗಿಯ ಕೂಲಿಗೆ ಹೋಗಿ ಬಂದವರಲ್ಲಿ ಕಾಯಿಲೆ ಕಂಡಿತು. ನಕ್ಷೆಯ ಮೇಲೆ ಇವನ್ನು ವೈರಸ್ಸಿನ ವಿಸ್ತರಣೆ ಎಂದು ಬಣ್ಣ ಹಚ್ಚಿ ತೋರಿಸಬಹುದು. ಕೂಲಿಯ ದಾರಿಗಳನ್ನೂ ಅದೇ ನಕ್ಷೆಯಲ್ಲಿ ಎಳೆದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ಕಾಡಿಗೆ ಹೋಗಬೇಡಿ ಎಂಬುದು ಆರೋಗ್ಯ ಇಲಾಖೆಯ ಹಳೆಯ ಸಲಹೆ. ಮಲೆನಾಡಿನ ಬದುಕಿನಲ್ಲಿ ಇದನ್ನು ಪಾಲಿಸುವುದು ಯಾರಿಗೆ ಸಾಧ್ಯ ಎಂದು ಕೇಳಿದ ಕೂಡಲೇ ಅಸಮಾನತೆಯ ಪದರಗಳು ಬಿಚ್ಚಿಕೊಳ್ಳುತ್ತವೆ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗೆಲೆ, ಒಲೆಗೆ ಸೌದೆ, ಇವೆಲ್ಲ ಕಾಡಿನಿಂದ ಅಥವಾ ಸೊಪ್ಪಿನ ಬೆಟ್ಟದಿಂದ ಬರಬೇಕು. ದರಗೆಲೆ ಗುಡಿಸುವ ಕಾಲವೂ ಉಣುಗು ಮರಿಗಳ ಕಾಲವೂ ಒಂದೇ, ಮರಿಗಳು ಕಾದು ಕೂರುವ ಜಾಗವೂ ಅದೇ ಎಲೆಗಳ ಹಾಸು. ತೋಟ ಇದ್ದವರ ಮನೆಯಲ್ಲಿ ಈ ಕೆಲಸವನ್ನು ಕೂಲಿಯವರಿಗೆ ಬಿಡಬಹುದು, ಗ್ಯಾಸ್ ಸಿಲಿಂಡರ್ ಮುಗಿದ ದಿನ ಇನ್ನೊಂದು ತರಿಸಬಹುದು. ಕೂಲಿಯವರ ಮನೆಯಲ್ಲಿ ಸೌದೆ ತರುವವರು ಹೆಚ್ಚಾಗಿ ಹೆಂಗಸರು. ದನ ಹೊಡೆದುಕೊಂಡು ಹೋಗುವವರು ಮುದುಕರು, ಹುಡುಗರು. ಒಂದೇ ಊರು, ಒಂದೇ ಕಾಡು, ಒಂದೇ ಉಣುಗು. ಕಡಿತದ ಹಂಚಿಕೆ ಮಾತ್ರ ಬೇರೆ. ಇಲಾಖೆ ಹಂಚುವ ಉಣುಗು ನಿರೋಧಕ ಎಣ್ಣೆ ಮೈಗೆ ಹಚ್ಚಿಕೊಂಡರೆ ಉಣುಗು ಕೆಲವು ಗಂಟೆ ದೂರ ಇರುತ್ತದೆ. ಬಿಸಿಲಲ್ಲಿ ಬೆವರುತ್ತ ಇಡೀ ದಿನ ದುಡಿಯುವವರು ಅದನ್ನು ಮತ್ತೆಮತ್ತೆ ಹಚ್ಚಿಕೊಳ್ಳಬೇಕು, ಬಾಟಲಿ ಮುಗಿಯುವ ಮೊದಲೇ ಮುಂದಿನದು ಬಂದಿರಬೇಕು.

ಇಂಥ ವ್ಯತ್ಯಾಸವನ್ನು ಅಳೆಯುವುದು ಮೇಲ್ನೋಟಕ್ಕೆ ಕಂಡಷ್ಟು ಸುಲಭವಲ್ಲ. ರೋಗಿಗಳ ಪಟ್ಟಿ ತೆಗೆದು ಎಷ್ಟು ಮಂದಿ ಕೂಲಿಗಳು, ಎಷ್ಟು ಮಂದಿ ಜಮೀನುದಾರರು ಎಂದು ಎಣಿಸಿದರೆ ಸಾಕೆನಿಸಬಹುದು. ಪಟ್ಟಿಯೇ ಅಸಮಾನತೆಯ ಕೂಸಾಗಿರುವುದು ಇಲ್ಲಿನ ತೊಡಕು. ಪಟ್ಟಿಯಲ್ಲಿ ಹೆಸರು ಬರಬೇಕಾದರೆ ರೋಗಿ ಆಸ್ಪತ್ರೆಗೆ ಹೋಗಬೇಕು, ವೈದ್ಯರಿಗೆ ಅನುಮಾನ ಬರಬೇಕು, ರಕ್ತದ ಮಾದರಿ ಪ್ರಯೋಗಾಲಯ ಮುಟ್ಟಬೇಕು. ಜ್ವರದ ಮೊದಲ ದಿನಗಳಲ್ಲಾದರೆ ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ನೇರವಾಗಿ ಸಿಗುತ್ತದೆ. ಆಮೇಲೆ ಬಂದವರಲ್ಲಿ ಪ್ರತಿಕಾಯಗಳನ್ನು ಹುಡುಕಬೇಕು. ದಿನಗೂಲಿ ತಪ್ಪಿಸಿಕೊಳ್ಳಲಾಗದೆ ಮಾತ್ರೆ ನುಂಗಿ ಕೆಲಸಕ್ಕೆ ಹೋದವರು, ಪಕ್ಕದ ರಾಜ್ಯದಲ್ಲಿ ಜ್ವರ ಬಂದು ಊರಿಗೆ ಮರಳುವಷ್ಟರಲ್ಲಿ ವಾಸಿಯಾದವರು, ಡೆಂಗಿ ಎಂದೋ ಇಲಿ ಜ್ವರವೆಂದೋ ಚಿಕಿತ್ಸೆ ಪಡೆದವರು ಲೆಕ್ಕದಿಂದ ಹೊರಗೆ. ಹೀಗೆ ಬಿಟ್ಟುಹೋಗುವವರು ಯಾರು ಎಂಬುದರಲ್ಲೂ ಒಂದು ವರ್ಗದ ಗುರುತಿದೆ. ಅದಕ್ಕೆ ಸಂಶೋಧಕರು ಆಸ್ಪತ್ರೆಯ ದಾಖಲೆಯ ಜೊತೆಗೆ ಮನೆಮನೆ ಸಮೀಕ್ಷೆ, ಗುಂಪು ಚರ್ಚೆ, ಕಾಡಿನ ದಾರಿಗಳಲ್ಲಿ ಜನರೊಂದಿಗೆ ನಡೆದಾಟ, ಬಿಳಿ ಬಟ್ಟೆ ಎಳೆದು ಉಣುಗು ಹಿಡಿದು ಎಣಿಸುವುದು, ಎಲ್ಲವನ್ನೂ ಬೆರೆಸುತ್ತಾರೆ.

ಮಂಗ ಸತ್ತ ಸುದ್ದಿಯೂ ಇಂಥದ್ದೇ ಒಂದು ಮಾಹಿತಿ. ಅದು ಮುನ್ನೆಚ್ಚರಿಕೆಯ ಗಂಟೆ. ಸುದ್ದಿ ಬಂದರೆ ಪಶುವೈದ್ಯರು ಕಳೇಬರದ ಮಾದರಿ ತೆಗೆಯುತ್ತಾರೆ, ದೇಹವನ್ನು ಸುಡಲಾಗುತ್ತದೆ, ಸುತ್ತ ಮೆಲಾಥಿಯಾನ್ ಪುಡಿ ಎರಚುತ್ತಾರೆ, ಹತ್ತಿರದ ಊರಿಗೆ ಎಚ್ಚರಿಕೆ ಹೋಗುತ್ತದೆ. ಸತ್ತ ಮಂಗವನ್ನು ಮೊದಲು ಕಾಣುವವರು ಸೌದೆಗೆ, ಜೇನಿಗೆ, ದನ ಹುಡುಕಲು ಹೋದವರು. ಅವರಲ್ಲಿ ಹಲವರು ಹಕ್ಕುಪತ್ರವಿಲ್ಲದೆ ಸರ್ಕಾರಿ ಜಮೀನು ಉಳುವ ಬಗರ್ ಹುಕುಂ ಸಾಗುವಳಿದಾರರು, ಅಥವಾ ಮೀಸಲು ಅರಣ್ಯದಿಂದ ಹೊರೆ ಹೊತ್ತು ಬರುತ್ತಿದ್ದವರು. ಕಾಡಿನೊಳಗೆ ಏನು ಮಾಡುತ್ತಿದ್ದೆ ಎಂದು ಕೇಳಬಹುದಾದ ಅರಣ್ಯ ಇಲಾಖೆಯೇ ಸುದ್ದಿ ಮುಟ್ಟಿಸಬೇಕಾದ ಕಚೇರಿಯೂ ಆದಾಗ ಬಾಯಿ ಬಿಡಲು ಹಿಂಜರಿಕೆ ಸಹಜ. ರೋಗದ ಕಣ್ಗಾವಲು ಎಷ್ಟು ಚುರುಕಾಗಿದೆ ಎಂಬುದನ್ನು ತಿಳಿಯಲು ಪ್ರಯೋಗಾಲಯದ ಯಂತ್ರಗಳ ಜೊತೆ ಈ ಅಂಜಿಕೆಯನ್ನೂ ಅಳೆಯಬೇಕಾಗುತ್ತದೆ.

ಈ ಎಲ್ಲ ಎಳೆಗಳನ್ನು ಹೆಣೆಯುವ ಯತ್ನ 2018ರ ಸುಮಾರಿಗೆ ‘ಮಂಕಿ ಫೀವರ್ ರಿಸ್ಕ್’ ಎಂಬ ಯೋಜನೆಯಲ್ಲಿ ನಡೆಯಿತು. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರದ ಬೆಥನ್ ಪರ್ಸ್ ಅದರ ಮುಂದಾಳು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ, ರಾಜ್ಯದ ಆರೋಗ್ಯ ಇಲಾಖೆ ಮೊದಲಾದವು ಜೊತೆಗಾರರು. 2020ರಲ್ಲಿ ಪ್ರಕಟವಾದ ಅವರ ಅಪಾಯದ ನಕ್ಷೆಯ ಪ್ರಕಾರ, ತೇವದ ನಿತ್ಯಹಸಿರು ಕಾಡೂ ತೋಟವೂ ಬೆರೆತು ಚದುರಿದ ಜಾಗಗಳಲ್ಲಿ, ನಾಟಿ ದನಗಳು ಹೆಚ್ಚಿರುವ ಕಡೆ, ಮನುಷ್ಯರಿಗೆ ಕಾಯಿಲೆ ಬರುವ ಸಂಭವ ಹೆಚ್ಚು.

ನಾಟಿ ದನದ ಈ ಅಂಶವನ್ನು ಪಶುಸಂಗೋಪನೆಯ ವಿವರವೆಂದು ಓದಿ ಮುಂದೆ ಹೋಗಿಬಿಡಬಹುದು. ಮಲೆನಾಡ ಗಿಡ್ಡ ತಳಿಯ ದನಗಳು ಕಾಡಿನಲ್ಲಿ ಮೇಯ್ದು ಬರುವಂಥವು. ಹಿಂಡಿ, ಹಸಿಹುಲ್ಲು ಕೊಂಡು ಕೊಟ್ಟಿಗೆಯಲ್ಲೇ ಮಿಶ್ರತಳಿ ಸಾಕುವುದಕ್ಕೆ ಬಂಡವಾಳ ಬೇಕು. ಹೀಗಾಗಿ ದನದ ತಳಿಯ ಹಿಂದೆ ಮನೆಯ ಆರ್ಥಿಕ ಸ್ಥಿತಿಯೂ ಒಂದಷ್ಟು ಅಡಗಿರುತ್ತದೆ. ದನವನ್ನು ಕಾಡಿಗೆ ಬಿಡಬೇಡಿ ಎನ್ನುವ ಸಲಹೆ ಉಣುಗಿನ ದೃಷ್ಟಿಯಿಂದ ಸರಿಯೆನಿಸಿದರೂ ಅದರ ಖರ್ಚು ಯಾರ ತಲೆಗೆ ಬರುತ್ತದೆ ಎಂಬುದು ಬೇರೆ ಲೆಕ್ಕ. ಅದೇ ತಂಡದ 2021ರ ಪರಾಮರ್ಶೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ರೋಗದ ವಿರುದ್ಧ ಕೊಡಲಾಗುವ ಹಲವು ಸಲಹೆಗಳ ಹಿಂದೆ ಇರುವ ಪರಿಸರವೈಜ್ಞಾನಿಕ ಪುರಾವೆಯೇ ತೆಳುವಾಗಿದೆ ಎಂದು ತೋರಿಸಿತು. ಅರೆಪುರಾವೆಯ ಸಲಹೆಗೂ ಪಾಲಿಸುವವರು ಬೆಲೆ ತೆರಬೇಕಾಗುತ್ತದೆ.

ಜಮೀನಿನ ಹಕ್ಕಿನ ಪ್ರಶ್ನೆ ಎಲ್ಲಕ್ಕಿಂತ ಆಳದ್ದು. 2018-19ರ ಹಾವಳಿಯ ನಡುವಿಗೆ ಬಂದದ್ದು ಸಾಗರ ತಾಲ್ಲೂಕಿನ ಅರಳಗೋಡು. ಆ ಭಾಗದಲ್ಲಿ ಹಲವರು ಸತ್ತು ಊರಿಗೆ ಊರೇ ಕಂಗೆಟ್ಟಿತು. ಇದು ಶರಾವತಿ ಹಿನ್ನೀರಿನ ಸೀಮೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡ ಸಾವಿರಾರು ಕುಟುಂಬಗಳು ಕಾಡಿನಂಚಿಗೆ ಬಂದು ನೆಲೆಸಿದವು. ರಾಜ್ಯಕ್ಕೆ ವಿದ್ಯುತ್ ಸಿಕ್ಕಿತು. ಮುಳುಗಡೆಯವರಲ್ಲಿ ಬಹಳಷ್ಟು ಮಂದಿಗೆ ಆರು ದಶಕ ಕಳೆದರೂ ಹಕ್ಕುಪತ್ರ ಸಿಗಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಅರುವತ್ತರ ದಶಕದಲ್ಲಿ ಎಬ್ಬಿಸಿ ಕಳಿಸಿದವರು ಹೊಸ ಜಾಗದಲ್ಲಿ ಅಷ್ಟು ಹಳೆಯ ಪುರಾವೆ ಎಲ್ಲಿಂದ ತರಬೇಕು? ಹಕ್ಕುಪತ್ರವಿಲ್ಲದಿದ್ದರೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ, ರಸ್ತೆ ಬರುವುದು ನಿಧಾನ. ಆಸ್ಪತ್ರೆ ಅಷ್ಟೇ ದೂರ ಉಳಿಯುತ್ತದೆ. ಸ್ಥಿತಿ ಬಿಗಡಾಯಿಸಿದ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಸಾಗಿಸಬೇಕಿತ್ತು. ಹಾವಳಿ ಜೋರಾದ ಮೇಲೆ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಿತು. ರೋಗಿಯ ಜೊತೆ ಹೋದವರ ಊಟ, ವಾಸ, ತಪ್ಪಿದ ಕೂಲಿ ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ಲಸಿಕೆಯ ಕತೆಯಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಆರೋಗ್ಯ ವಿಚಿತ್ರವಾಗಿ ಕೂಡಿಕೊಂಡಿದ್ದವು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಈ ಲಸಿಕೆ ದಶಕಗಳ ಕಾಲ ತಯಾರಾದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ, ದನ ಕುರಿಗಳ ಲಸಿಕೆ ಮಾಡುವ ಕಡೆ. ರೋಗ ಬರುವುದು ಒಂದು ಬೆಟ್ಟಸಾಲಿನ ಬಡ ಹಳ್ಳಿಗಳಿಗೆ. ಅಷ್ಟು ಸಣ್ಣ ಮಾರುಕಟ್ಟೆಗೆ ದೊಡ್ಡ ಔಷಧ ಕಂಪನಿಗಳು ಕೈ ಹಾಕುವ ಲಾಭವೇನೂ ಇರಲಿಲ್ಲ. 1990ರ ದಶಕದ ಆರಂಭದ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 93.5ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಅವಧಿಯ ಅಧ್ಯಯನದಲ್ಲಿ ಅದು ಶೇ. 62.4ಕ್ಕೆ ಇಳಿದಿತ್ತು, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9. ಮುಂದೆ ಗುಣಮಟ್ಟದ ಪ್ರಶ್ನೆಗಳು ಎದ್ದು 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿತು.

ಹಳೆಯ ಲಸಿಕೆಯ ಬಲ ಸೀಸೆಯೊಳಗಷ್ಟೇ ಇರಲಿಲ್ಲ, ವೇಳಾಪಟ್ಟಿಯಲ್ಲೂ ಇತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿ ವರ್ಷ ಒಂದೊಂದು. ಚುಚ್ಚಿದ ಕೈ ನೋಯುತ್ತಿದ್ದುದರಿಂದ ಮರುದಿನದ ಕೂಲಿಗೂ ಸಂಚಕಾರ. ಕಾಯಿಲೆಯ ಕಾಲಕ್ಕೆ ಮುಂಚೆ ಡೋಸ್ ಮುಗಿಯಬೇಕೆಂದರೆ ಶಿಬಿರಗಳು ಮಳೆಗಾಲದ ಕೊನೆಗೆ ಶುರುವಾಗಬೇಕಿತ್ತು. ಕೊನೆಯ ಸುತ್ತು ಬರುವ ಹೊತ್ತಿಗೆ ಅಡಿಕೆ ಕೊಯ್ಲು ಹತ್ತಿರ, ತೋಟದಲ್ಲಿ ಕೂಲಿ ಸಿಗುವ ದಿನಗಳು ಅವೇ. ವೈರಸ್ ಪತ್ತೆಯಾದ ಜಾಗದಿಂದ ಐದು ಕಿಲೋಮೀಟರ್ ಒಳಗಿನ ಹಳ್ಳಿಗಳಿಗೆ ಲಸಿಕೆ ಎಂಬ ಆಗಿನ ನಿಯಮದಲ್ಲಿ ಲೆಕ್ಕ ಹಾಕುತ್ತಿದ್ದುದು ಮನೆಯ ವಿಳಾಸವನ್ನು. ಊರು ಬಿಟ್ಟು ಗಡಿಯಾಚೆಯ ಗೇರು ತೋಟಕ್ಕೆ ಹೋಗುವ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯ ಕೂಲಿಯ ವಿಳಾಸ ಆ ವೃತ್ತದೊಳಗೆ ಬೀಳುತ್ತಲೇ ಇರಲಿಲ್ಲ. ಹೊಸ ಲಸಿಕೆ ಬಂದಾಗ ಅದನ್ನು ಮನೆ ಇರುವ ಊರಿನಲ್ಲಿ ಕೊಡಬೇಕೋ, ಕೆಲಸಕ್ಕೆ ಹೊರಡುವ ಮೊದಲು ಕೊಡಬೇಕೋ, ತೋಟದ ಬಾಗಿಲಲ್ಲೇ ಕೊಡಬೇಕೋ ಎಂಬುದನ್ನು ಪ್ರಯೋಗಾಲಯ ಹೇಳಲಾರದು; ಯಾರು ಯಾವ ತಿಂಗಳಲ್ಲಿ ಎಲ್ಲಿರುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡ ಸಮೀಕ್ಷೆಗಳೇ ಹೇಳಬೇಕು.